ಬೇಡವೆಂದ ಎದೆ, ಹೇಳಿದ ಸುಳ್ಳು

ಅಂಕಲಿಯ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕಿ. ಇಪ್ಪತ್ತಮೂರು ವರ್ಷದಿಂದ ಹುಡುಗಿಯರಿಗೆ ಖೊ-ಖೊ ಕಲಿಸುತ್ತ ಬಂದಿದ್ದೇನೆ. ಮನೆ ದಿಗ್ಗೇವಾಡಿಯಲ್ಲಿ, ದಿನಾ ಸ್ಕೂಟಿಯಲ್ಲಿ ಹೋಗಿ ಬರುತ್ತೇನೆ. ಕಾಲು ಉಳುಕಿದರೆ, ಮಂಡಿ ಬಾತರೆ, ಮುಟ್ಟಿನ ಹೊಟ್ಟೆನೋವು ಇದ್ದರೆ ನಾಚಿಕೆ ಬಿಟ್ಟು ಹೇಳಿ ಎಂದು ಹುಡುಗಿಯರಿಗೆ ವರ್ಷವಿಡೀ ಬುದ್ಧಿ ಹೇಳುವವಳು ನಾನೇ. ಹಾಗೆ ಹೇಳುತ್ತಲೇ, ನನ್ನ ಎಡ ಮೊಲೆಯಲ್ಲಿ ಕೈಗೆ ಹತ್ತಿದ ಗಂಟನ್ನು ಐದು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡೆ.

ಮಳೆಗಾಲದಲ್ಲಿ ಸ್ನಾನ ಮಾಡುವಾಗ ಸಿಕ್ಕ ಗಂಟು ಅದು. ಮೊದಲು ತಾಲೂಕು ಪಂದ್ಯ ಮುಗಿಯಲಿ ಎಂದೆ, ಆಮೇಲೆ ದೀಪಾವಳಿ ಮುಗಿಯಲಿ ಎಂದೆ. ಖರೇ ಕಾರಣ ಪಂದ್ಯವೂ ಅಲ್ಲ, ಹಬ್ಬವೂ ಅಲ್ಲ. ಡಾಕ್ಟರ ಮುಂದೆ ಎದೆ ತೆರೆದು ಕೂಡಬೇಕಲ್ಲ ಎಂಬ ನಾಚಿಕೆ. ಸಂಕ್ರಾಂತಿಯ ಹೊತ್ತಿಗೆ ಬಗಲಲ್ಲೂ ಒಂದು ಗಂಟು ಸಿಕ್ಕಿತು. ಅಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಕಬ್ಬಿನ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ತಂಬಿಗೆ ಕೆಳಗಿಟ್ಟು, "ಎಷ್ಟ ದಿನ ಆತು?" ಎಂದು ಕೇಳಿದರು. "ಒಂದ ಎಂಟ ದಿನ ಆತ್ರಿ" ಎಂದೆ. ಈ ಕಾಯಿಲೆಯಲ್ಲಿ ನಾನು ಹೇಳಿದ ಮೊದಲನೆಯ ಸುಳ್ಳು ಅದು.

ಕುಡಚಿಯಲ್ಲಿ ರೈಲು ಹತ್ತಿ ಮೀರಜಿಗೆ ಹೋದೆವು. ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆ ಅಂದರೆ ಮೀರಜೇ. ಅಲ್ಲಿ ಕಾಯುವ ಹಾಲ್‌ನಲ್ಲಿ ಅರ್ಧ ಮಂದಿ ಕನ್ನಡದವರು, ಅರ್ಧ ಮಂದಿ ಮರಾಠಿಯವರು, ತಲೆಗೆ ಬಟ್ಟೆ ಕಟ್ಟಿಕೊಂಡವರ ಮುಖ ಮಾತ್ರ ಎಲ್ಲರದೂ ಒಂದೇ ಥರ. ನನ್ನ ಪಕ್ಕದಲ್ಲಿ ಬುರ್ಖಾ ತೊಟ್ಟ ಒಬ್ಬ ಹೆಂಗಸು ಕೂತಿದ್ದಳು, ಕುಡಚಿಯವಳೇ.

"ಪೈಲಾ ಸಲ ಬಂದೀರೇನ್ರಿ?" ಎಂದು ಕೇಳಿದಳು.

ನಾನು ತಲೆಯಾಡಿಸಿದೆ.

"ಒಳಗ ಸೂಜಿ ಹಾಕಿ ತುಕಡಿ ತಗೀತಾರ. ಆಗ ಡಾಕ್ಟರ್ ಮಾರಿ ನೋಡಬ್ಯಾಡ್ರಿ. ಗೋಡಿ ಮ್ಯಾಲೆ ಕ್ಯಾಲೆಂಡರ್ ಐತಿ, ಅದರಾಗಿನ ವಾರ ಓದ್ಕೋತ ಹೋಗ್ರಿ. ಶನಿವಾರಕ್ಕ ಮುಗಿದಿರತೈತಿ."

ನಾನು ಹಾಗೇ ಮಾಡಿದೆ. ಶನಿವಾರಕ್ಕೆ ಮುಗಿಯಲಿಲ್ಲ, ಇನ್ನೊಂದು ಸಲ ಓದಬೇಕಾಯಿತು. ಆದರೂ ಆ ಹೆಂಗಸಿನ ಉಪಕಾರ ದೊಡ್ಡದು. ಹೊರಗೆ ಬಂದು ಹುಡುಕಿದಾಗ ಅವಳು ಹೋಗಿಬಿಟ್ಟಿದ್ದಳು.

ಕ್ಯಾನ್ಸರ್ ಎಂದು ಗೊತ್ತಾದ ದಿನ ಮನೆಯಲ್ಲಿ ಮೊದಲು ಮಾತಾಡಿದವರು ನಮ್ಮತ್ತೆ ಗಂಗವ್ವ. ಹಿಂದಿನ ವರ್ಷವಷ್ಟೇ ಮಗಳು ಸುಧಾಳನ್ನು ನಿಪ್ಪಾಣಿಗೆ ಕೊಟ್ಟಿದ್ದೆವು; ಅವಳು ಆಗ ಐದು ತಿಂಗಳ ಬಸುರಿ. "ಇದು ಬೀಗರ ಕಿವಿಗೆ ಬೀಳಬಾರದು ನೋಡು. ನಾಳೆ ನಮ್ಮ ಹುಡುಗಿಗೂ ಇದ ಬರತೈತಿ ಅಂದ್ರ ಏನ್ ಮಾಡ್ತಿ? ಹೊಟ್ಟ್ಯಾಗ ಕಲ್ಲ ಆಗೇತಿ, ಆಪರೇಶನ್ ಮಾಡಿಸ್ತೀವಿ ಅಂದ್ರಾತು" ಎಂದರು. ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ, ಹೆದರಿಕೆ ಇತ್ತು. ನನಗೂ ಆ ಸುಳ್ಳು ಬೇಕಾಗಿತ್ತು. ಹೀಗೆ ಊರಿಗೆ ನನ್ನದು ಪಿತ್ತಕೋಶದ ಕಲ್ಲಿನ ಆಪರೇಶನ್ ಆಯಿತು. ಮುಂದೆ ಕಿಮೊದಿಂದ ಕೂದಲು ಉದುರಿದಾಗ ಅದಕ್ಕೆ ಟೈಫಾಯ್ಡನ್ನು ಸೇರಿಸಿದೆವು.

ಆಪರೇಶನ್ನಿಗೆ ಮೊದಲು ಡಾಕ್ಟರ್ ಮ್ಯಾಡಮ್ ನನ್ನನ್ನು ಒಳಗೆ ಕರೆದರು. ಸಾಂಗ್ಲಿ ಕಡೆಯವರು, ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುವವರು. ಮನೆಯವರು ಆಗ ರಿಪೋರ್ಟಿನ ಝೆರಾಕ್ಸ್ ಮಾಡಿಸಲು ಹೊರಗೆ ಹೋಗಿದ್ದರು. ಎಡ ಮೊಲೆಯನ್ನು ಪೂರ್ತಿ ತೆಗೆಯಬೇಕಾಗುತ್ತದೆ ಎಂದು ಮ್ಯಾಡಮ್ ಮೊದಲೇ ಹೇಳಿದ್ದರು. ಅಂದು ಹೇಳಿದ್ದು ಆಮೇಲಿನದು. ಬೇಕೆಂದರೆ ಬೆನ್ನಿನ ಸ್ನಾಯು ತಂದು ಅಲ್ಲಿ ಮೊಲೆಯ ಆಕಾರ ಕೊಡಬಹುದು, ಇಲ್ಲವೇ ಸಿಲಿಕಾನ್ ಇಡಬಹುದು.

"ಮನ್ಯಾಗ ಕೇಳಿ ಹೇಳ್ರಿ. ಗಡಬಡ ನಾಹಿ" ಎಂದರು.

"ಏನೂ ಹಚ್ಚಬ್ಯಾಡ್ರಿ ಮ್ಯಾಡಮ್. ಸಪಾಟ ಇರ್ಲಿ."

"ಯಜಮಾನ್ರಿಗೆ ಕೇಳೀರೇನು?"

"ಕೇಳೀನ್ರಿ" ಎಂದೆ. ಕೇಳಿರಲಿಲ್ಲ.

ಯಾಕೆ ಬೇಡ ಅಂದೆ ಎಂದು ಈಗ ಯಾರಾದರೂ ಕೇಳಿದರೆ, ಬೆನ್ನಿನ ಸ್ನಾಯು ಕೊಟ್ಟರೆ ಗ್ರೌಂಡಿನಲ್ಲಿ ಕೈ ಎತ್ತಲು ತೊಂದರೆ ಎನ್ನುತ್ತೇನೆ. ಅದು ನಿಜ. ಇನ್ನೊಂದು ಆಪರೇಶನ್ನಿನ ಭಯವೂ ನಿಜ. ಅದರಲ್ಲಿ ಧೈರ್ಯ ಏನೂ ಇಲ್ಲ. ಆದರೆ ಇವೆರಡರ ಕೆಳಗೆ ಇನ್ನೊಂದು ಕಾರಣ ಇದೆ, ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ನನ್ನ ತವರು ಅಥಣಿ ಕಡೆಯ ಹಳ್ಳಿ. ಹದಿಮೂರು ವರ್ಷಕ್ಕೇ ನನ್ನ ಎದೆ ತುಂಬಿಕೊಂಡಿತ್ತು. ನಾನು ಓಡಿದರೆ ಹುಡುಗರು ನೋಡುತ್ತಿದ್ದರು, ಮಾಸ್ತರರು ನೋಡುತ್ತಿದ್ದರು. ಅವ್ವ ಹಳೇ ಪಂಚೆ ಹರಿದು ಎದೆಗೆ ಬಿಗಿಯಾಗಿ ಸುತ್ತಿ ಶಾಲೆಗೆ ಕಳಿಸುತ್ತಿದ್ದಳು. ಓಟದಲ್ಲಿ ಗೆದ್ದರೂ ಉಸಿರು ಕಟ್ಟುತ್ತಿತ್ತು. ಹಾಗಾಗಿ ತೆಗೆಯಬೇಕು ಎಂದು ಮ್ಯಾಡಮ್ ಹೇಳಿದಾಗ ಭಯದ ನಡುವೆ ಎಲ್ಲೋ ಒಂದು ಕ್ಷಣ ಹಗುರವೆನಿಸಿತು. ಮಗಳಿಗೆ ಹಾಲು ಕುಡಿಸಿದ ಮೊಲೆ ಅದು. ಅದು ಹೋಗುತ್ತದೆ ಎಂದರೆ ಹಗುರವೆನಿಸಿತಲ್ಲ, ನಾನೆಂಥ ಹೆಂಗಸು ಎಂದು ಆ ಕುರ್ಚಿಯಲ್ಲೇ ಕೂತು ನಾಚಿಕೆಪಟ್ಟೆ.

ಝೆರಾಕ್ಸ್ ಹಿಡಿದು ಬಂದ ಮನೆಯವರಿಗೆ, "ಬ್ಯಾರೇದ್ದು ಹಚ್ಚಾಕ ನನಗ ಆಗಂಗಿಲ್ಲಂತ್ರಿ, ಡಾಕ್ಟರ್ ಬ್ಯಾಡ ಅಂದ್ರು" ಎಂದೆ.

"ಡಾಕ್ಟರ್ ಅಂದ ಮ್ಯಾಲೆ ಏನ್ ಮಾಡೂದು, ಇರ್ಲಿ ಬಿಡು" ಎಂದರು. ಆಮೇಲೆ ಬಹಳ ಹೊತ್ತು ಆ ಕಾಗದಗಳನ್ನು ಮಡಚುತ್ತ ಬಿಚ್ಚುತ್ತ ಕೂತರು.

ಆಪರೇಶನ್ ಆಯಿತು, ಕಿಮೊ ಆಯಿತು. ಬೇಸಿಗೆ ಹೇಗೆ ಕಳೆಯಿತೋ ಗೊತ್ತಿಲ್ಲ. ಬಾಯೆಲ್ಲ ಹುಣ್ಣಾಗಿ ಅನ್ನವೂ ಇಳಿಯದಾಗ ಅತ್ತೆ ಜೋಳದ ಅಂಬಲಿಯನ್ನು ತಣ್ಣಗೆ ಮಾಡಿ ಚಮಚದಲ್ಲಿ ಹಾಕುತ್ತಿದ್ದರು. ಒಂದು ದಿನ ಮಧ್ಯಾಹ್ನ ಒಂದು ಸಣ್ಣ ಚೀಲ ತಂದು ನನ್ನ ತೊಡೆಯ ಮೇಲಿಟ್ಟರು. ಮೆತ್ತಗಿನ ಹಳೇ ಅರಿವೆಯನ್ನು ದುಂಡಗೆ ಹೊಲಿದು ಒಳಗೆ ಸಾಸಿವೆ ತುಂಬಿದ್ದರು. "ಹತ್ತಿ ಹಗರ ಆಗತೈತಿ, ಮ್ಯಾಲೆ ಏರತೈತಿ. ಇದು ಕೂತಲ್ಲೇ ಕೂಡತೈತಿ" ಎಂದರು. ಯಾರನ್ನೂ ಕೇಳದೆ, ಯಾರಿಗೂ ತೋರಿಸದೆ ಎಪ್ಪತ್ತೆಂಟರ ಆ ಮುದುಕಿ ಕನ್ನಡಕ ಏರಿಸಿಕೊಂಡು ಹೊಲಿದಿದ್ದರು. ಏನೂ ಬೇಡವೆಂದು ಡಾಕ್ಟರಿಗೆ ಹೇಳಿ ಬಂದವಳು, ಜುಲೈನಲ್ಲಿ ಶಾಲೆ ಸೇರಿದಾಗ ಆ ಚೀಲವನ್ನು ಎಡ ಎದೆಯ ಜಾಗಕ್ಕೆ ಪಿನ್ನು ಹಾಕಿ ಸಿಗಿಸಿಕೊಂಡು ಹೋದೆ.

ಸೇರಿ ಎರಡು ವಾರಕ್ಕೆ ಪಾಲಕರ ಸಭೆ ಇತ್ತು. ಸಭೆ ಮುಗಿದ ಮೇಲೆ ಶೋಭಾ ನನ್ನ ಹತ್ತಿರ ಬಂದಳು. ನಮ್ಮ ತಂಡದ ಕ್ಯಾಪ್ಟನ್ ಪ್ರಿಯಾಂಕಾಳ ತಾಯಿ, ಕಬ್ಬಿನ ಗದ್ದೆಗಳಲ್ಲಿ ಕಳೆ ಕೀಳಲು ಹೋಗುವವಳು. ಗಂಡ ಇಲ್ಲ. ಎಲ್ಲರೂ ಹೋಗುವ ತನಕ ಬೇವಿನ ಗಿಡದ ಕೆಳಗೆ ಕಾದು ನಿಂತಿದ್ದಳು.

"ಬಾಯಾರ, ಒಂದ ಮಾತ ಕೇಳ್ಲೇನ್ರಿ? ಸಿಟ್ಟ ಆಗಬ್ಯಾಡ್ರಿ."

"ಕೇಳವಾ."

"ನಿಮಗ ಆಪರೇಶನ್ ಆದದ್ದು ಇಲ್ಲೇನ್ರಿ?" ಸೆರಗಿನ ಮೇಲೆ ತನ್ನ ಬಲ ಎದೆಗೆ ಕೈಯಿಟ್ಟಳು. "ಮಂದಿ ಹಂಗ ಅಂತಾರ."

"ಯಾರ್ ಹೇಳಿದ್ರ ನಿನಗ? ಹೊಟ್ಟ್ಯಾಗ ಕಲ್ಲ ಆಗಿದ್ದು. ಮಂದಿ ಮಾತ ಕೇಳ್ಕೋತ ಅಡ್ಡಾಡಬ್ಯಾಡ" ಎಂದು ಜೋರಾಗಿಯೇ ಅಂದೆ.

"ತಪ್ಪಾತ್ರಿ ಬಾಯಾರ" ಎಂದಳು. ಗೇಟಿನ ಕಡೆ ನಡೆಯುವಾಗಲೂ ಅವಳ ಕೈ ಅಲ್ಲೇ ಇತ್ತು.

ನಡೆಯುವುದನ್ನು ನೋಡಿದರೆ ಯಾವ ಹುಡುಗಿಗೆ ಯಾವ ಮಂಡಿ ನೋಯುತ್ತಿದೆ ಎಂದು ಹೇಳಬಲ್ಲವಳು ನಾನು. ಆ ಕೈ ಯಾಕೆ ಅಲ್ಲಿದೆ ಎಂದು ತಿಳಿಯಲಿಲ್ಲವೆಂದರೆ ಯಾರು ನಂಬುತ್ತಾರೆ? ತಿಳಿಯಿತು. ತಿಳಿದೂ ಸೀಟಿ ಊದಿ ಒಂಬತ್ತನೆಯ ತರಗತಿಯವರನ್ನು ಗ್ರೌಂಡಿಗೆ ಕರೆದೆ.

ಆಗಸ್ಟಿನಲ್ಲಿ ತಪಾಸಣೆಗೆ ಮೀರಜಿಗೆ ಹೋದಾಗ ನನ್ನ ಇನ್ನೊಂದು ಸುಳ್ಳು ಬಯಲಾಯಿತು. ಮ್ಯಾಡಮ್ ನಮ್ಮ ಮನೆಯವರ ಕಡೆ ತಿರುಗಿ, "ಧೈರ್ಯದ ಹೆಣ್ಮಗಳು ನೋಡ್ರಿ. ಹಚ್ಚಿ ಕೊಡತೀನಿ ಅಂದ್ರೂ ಬ್ಯಾಡ ಅಂದ್ರು. ಈಗರೆ ಮನಸ್ಸು ಬದಲಾದ್ರ ಹೇಳ್ರಿ, ಮಾಡಾಕ ಬರತೈತಿ" ಎಂದು ನಕ್ಕರು. ಮನೆಯವರೂ ನಕ್ಕಂತೆ ಮಾಡಿದರು.

ರೈಲಿನಲ್ಲಿ ಎದುರುಬದುರು ಕೂತೆವು.

"ನೀ ನನ್ನ ಕೇಳಲಿಲ್ಲ" ಎಂದರು ಶೇಡಬಾಳ ದಾಟಿದ ಮೇಲೆ.

"ಇಲ್ರಿ."

"ಯಾಕ?"

"ಕೇಳಿದ್ರ ನೀವು ಮಾಡಿಸ್ಕೋ ಅಂತಿದ್ರಿ."

ಅವರು ಕಿಟಕಿಯಾಚೆ ನೋಡಿದರು. "ಹೌದು, ಅಂತಿದ್ದೆ. ಸುಳ್ಳ ಯಾಕ ಹೇಳ್ಲಿ? ನನಗ ಅದು ಇರಬೇಕಿತ್ತು. ನೀ ಬ್ಯಾಡಂದ್ರ ಎರಡ ದಿನ ಸಿಟ್ಟ ಮಾಡ್ಕೊಂಡು ಸುಮ್ಮ ಆಗ್ತಿದ್ನಿ. ಆ ಎರಡ ದಿನದ ಸಿಟ್ಟರೆ ನನಗ ಬಿಡಬೇಕಿತ್ತು ನೀ."

ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಮನುಷ್ಯ. ನನ್ನ ದೇಹ ನನ್ನದು, ನಿರ್ಧಾರವೂ ನನ್ನದೇ. ಅದರ ಬಗ್ಗೆ ನನಗೆ ಇಂದಿಗೂ ಅನುಮಾನ ಇಲ್ಲ. ಆದರೆ ಅವರನ್ನು ಎದುರಿಗೆ ಕೂರಿಸಿಕೊಂಡು ಬೇಡ ಎನ್ನುವ ಬದಲು ಡಾಕ್ಟರ ಹೆಸರಿನ ಹಿಂದೆ ಅಡಗಿಕೊಂಡೆ. ಮನೆಯವರು ಆ ಸಿಟ್ಟನ್ನು ಎರಡು ದಿನಕ್ಕೆ ಮುಗಿಸಲಿಲ್ಲ. ಗಣೇಶನ ಹಬ್ಬದ ತನಕ ಎಷ್ಟು ಬೇಕೋ ಅಷ್ಟೇ ಮಾತು.

ತಾಲೂಕು ಪಂದ್ಯಕ್ಕೆ ಎಂಟು ದಿನ ಇತ್ತು. ಖೊ-ಖೊ ಆಟದಲ್ಲಿ ಓಡುವವಳು ಕಂಬ ಹಿಡಿದು ಒಮ್ಮೆಲೇ ತಿರುಗಬೇಕು. ಒಬ್ಬ ಹುಡುಗಿಗೆ ಅದು ಬರುತ್ತಿರಲಿಲ್ಲ. ಬಾಯಲ್ಲಿ ಹೇಳಿ ಸಾಕಾಗಿ ನಾನೇ ಓಡಿ ತೋರಿಸಿದೆ. ಕಂಬ ಹಿಡಿದು ಮೈ ತಿರುಗಿಸಿದ ರಭಸಕ್ಕೆ ಪಿನ್ನು ಬಿಚ್ಚಿತು. ಚೀಲ ಒಳಗಿಂದ ಜಾರಿ ಕುರ್ತಾದ ಕೆಳಗೆ ನೆಲಕ್ಕೆ ಬಿತ್ತು, ನನ್ನ ಕಾಲೇ ಅದರ ಮೇಲೆ ಬಿದ್ದು ಹೊಲಿಗೆ ಹರಿಯಿತು. ಸಾಸಿವೆ ಗ್ರೌಂಡಿನ ತುಂಬ ಚೆಲ್ಲಿತು.

ಹುಡುಗಿಯರು ಓಡಿ ಬಂದರು. "ಟೀಚರ್, ಇದೇನ್ರಿ?" ಎಂದು ಒಬ್ಬಳು ಚೀಲ ಎತ್ತಿದಳು.

"ಶಾಖದ ಚೀಲ. ಬೆನ್ನ ನೋಯತಿತ್ತು" ಎಂದೆ.

ಪ್ರಿಯಾಂಕಾ ಮಾತ್ರ ಚೀಲವನ್ನು ನೋಡಲಿಲ್ಲ. ನನ್ನ ಎದೆಯನ್ನು ನೋಡಿದಳು, ಆಮೇಲೆ ಕಂಪೌಂಡಿನ ಹತ್ತಿರ ನಿಂತಿದ್ದ ಹತ್ತನೆಯ ತರಗತಿಯ ಹುಡುಗರನ್ನು ನೋಡಿದಳು. "ಎಲ್ಲಾರೂ ಸುತ್ತ ನಿಂದರ್ರಿ ಬೇ, ಟೀಚರ್‌ಗ ಚಕ್ಕರ್ ಬಂದೈತಿ" ಎಂದು ಕೂಗಿದಳು. ಹನ್ನೆರಡು ಹುಡುಗಿಯರು ನನ್ನ ಸುತ್ತ ಗೋಡೆಯ ಹಾಗೆ ನಿಂತರು. ಹಾಗೇ ನಡೆಸಿಕೊಂಡು ಆಟದ ಸಾಮಾನಿನ ಕೋಣೆಯ ತನಕ ಕರೆದೊಯ್ದರು. ಅವಳು ನನಗಾಗಿ ಹೇಳಿದ ಸುಳ್ಳು, ನಾನು ಅವಳವ್ವನಿಗೆ ಹೇಳಿದ ಸುಳ್ಳು, ಎರಡೂ ಒಟ್ಟಿಗೆ ಎದುರು ಬಂದು ನಿಂತವು. ಬಾಗಿಲು ಹಾಕಿಕೊಂಡು ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತುಬಿಟ್ಟೆ.

ಸಂಜೆ ಅತ್ತೆ ಮತ್ತೊಂದು ಚೀಲ ಹೊಲಿಯಲು ಸೂಜಿ ತೆಗೆದರು. "ಬ್ಯಾಡ್ರಿ ಅತ್ತೀ. ನಾ ಹಿಂಗ ಇರತೀನಿ" ಎಂದೆ. "ಮಂದಿ ನೋಡತಾರವಾ" ಎಂದರು. "ನೋಡ್ಲಿ ಬಿಡವಾ, ಎಷ್ಟ ದಿನ ನೋಡತಾರ" ಎಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮನೆಯವರು ಅಂದರು. ರೈಲಿನ ಆ ದಿನದ ನಂತರ ಅವರು ನನ್ನ ಪರವಾಗಿ ಆಡಿದ ಮೊದಲ ಮಾತು.

ಮರುದಿನದಿಂದ ಒಂದು ಕಡೆ ಸಪಾಟಾಗಿಯೇ ಶಾಲೆಗೆ ಹೋದೆ. ಮೊದಲ ವಾರ ದುಪಟ್ಟಾವನ್ನು ಎರಡು ಸುತ್ತು ಹಾಕಿಕೊಂಡೆ, ಆಮೇಲೆ ಒಂದು ಸುತ್ತು. ಸ್ಟಾಫ್ ರೂಮಿನಲ್ಲಿ ಕಣ್ಣುಗಳು ಅಲ್ಲಿಗೆ ಬಂದು ಥಟ್ಟನೆ ಬೇರೆ ಕಡೆ ಹೋಗುತ್ತಿದ್ದವು. ಓಡುವಾಗ ಹಗುರವಿತ್ತು, ಮೈ ಮಾತ್ರ ಒಂದು ಕಡೆ ವಾಲಿದಂತೆ ಅನಿಸುತ್ತಿತ್ತು. ಅಭ್ಯಾಸವಾಯಿತು.

ಆದರೂ ಶೋಭಾಳ ಮನೆಗೆ ಹೋಗಲಿಲ್ಲ. ಪ್ರಿಯಾಂಕಾ ಮನೆಯಲ್ಲಿ ಹೇಳಿರುತ್ತಾಳೆ, ಬೇಕಾದರೆ ಅವಳೇ ಬರಲಿ ಎಂದುಕೊಂಡೆ. ಹೇಳಿರದಿದ್ದರೆ ಸಾಕಪ್ಪ ಎಂದೂ ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಹೀಗೆ ಐದು ವಾರ. ನಮ್ಮ ತಂಡ ಗೆದ್ದು ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಯಿತು. ಆಗ ಪ್ರಿಯಾಂಕಾ ಪ್ರಾಕ್ಟೀಸಿಗೆ ಬರುವುದನ್ನು ಬಿಟ್ಟಳು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ಹೋದೆ.

ಪ್ರಿಯಾಂಕಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶೋಭಾ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಎತ್ತಲು ಬರುತ್ತಿಲ್ಲ, ಕೆಲಸಕ್ಕೆ ಹೋಗಿ ಎಂಟು ದಿನವಾಯಿತು ಎಂದಳು. ಮಗಳನ್ನು ಹೊರಗೆ ಕಳಿಸಿ ತೋರಿಸು ಎಂದೆ. ತೋರಿಸಿದಳು. ಮೊಲೆಯ ತೊಟ್ಟು ಒಳಗೆ ಎಳೆದುಕೊಂಡಿತ್ತು, ಚರ್ಮ ಗಟ್ಟಿಯಾಗಿತ್ತು.

"ಪ್ರಿಯಾಂಕಾ ನಿನಗ ಹೇಳಲಿಲ್ಲೇನು, ಗ್ರೌಂಡಿನ್ಯಾಗ ಆದದ್ದು?"

"ಅವತ್ತ ಹೇಳಿದಳ್ರಿ."

"ಮತ್ತ ನನ್ನ ಕಡೆ ಯಾಕ ಬರಲಿಲ್ಲ?"

"ನೀವು ಇಲ್ಲ ಅಂದಿದ್ರಲ್ರಿ ಬಾಯಾರ." ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತ ಹೇಳಿದಳು. "ನಿಮ್ಮಂಥಾ ಕಲ್ತವ್ರ ಮುಚ್ಚಿಡತಾರ ಅಂದ್ರ ಇದು ಭಾಳ ಹೊಲಸ ಬ್ಯಾನಿ ಇರಬೇಕು ಅನ್ಕೊಂಡ್ನಿ. ಯಾರ ಮುಂದ ಹೇಳ್ಲಿ?"

ಎದ್ದು ಬಾಗಿಲು ಮುಂದೆ ಮಾಡಿದೆ. ದುಪಟ್ಟಾ ತೆಗೆದು ಕುರ್ತಾ ಎತ್ತಿ ಅವಳ ಮುಂದೆ ಕೂತೆ. ನಮ್ಮತ್ತೆ ಮತ್ತು ಡಾಕ್ಟರರನ್ನು ಬಿಟ್ಟರೆ ಅದನ್ನು ಯಾರಿಗೂ ತೋರಿಸಿರಲಿಲ್ಲ, ಮನೆಯವರಿಗೂ. ಶೋಭಾ ಹತ್ತಿರ ಸರಿದು ನೋಡಿದಳು.

"ಈ ಮಗ್ಗಲಾ ಮಲಗಾಕ ಬರತೈತೇನ್ರಿ?"

"ಈಗ ಬರತೈತಿ. ಮೊದಲ ಎರಡ ತಿಂಗಳ ಬರತಿರಲಿಲ್ಲ."

"ದವಾಖಾನ್ಯಾಗ ಮತ್ತ ಏನೋ ಹಚ್ಚಿ ಕೊಡತಾರಂತಲ್ರಿ, ನಿಮಗ ಯಾಕ ಹಚ್ಚಲಿಲ್ಲ?"

"ಹಚ್ಚತೀವಿ ಅಂದ್ರು. ನಾನ ಬ್ಯಾಡ ಅಂದ್ನಿ."

"ನೀವ?"

"ಹೂಂ, ನಾನ."

ಇದನ್ನು ಯಾವ ನೆಪವೂ ಇಲ್ಲದೆ ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಆಮೇಲೆ ಶೋಭಾ ಕೇಳಿದಳು: "ಅವತ್ತ ಯಾಕ ಸುಳ್ಳ ಹೇಳಿದ್ರಿ?"

"ನಾಚಿಕಿ ಬಂತು ಶೋಭಾ."

ಇರಲಿ ಬಿಡ್ರಿ ಎಂದು ಅವಳು ಅನ್ನಲಿಲ್ಲ. ಅನ್ನುತ್ತಾಳೆ ಎಂದು ಕಾಯುತ್ತಿದ್ದೆ ಎಂಬುದು ಅವಳು ಅನ್ನದಿದ್ದಾಗ ತಿಳಿಯಿತು. "ಯಾವತ್ತ ಹೋಗೂಣ್ರಿ?" ಎಂದಷ್ಟೇ ಕೇಳಿದಳು.

ಮರುದಿನವೇ ಹೋದೆವು, ನಮ್ಮ ಮನೆಯವರೂ ಬಂದರು. ಮ್ಯಾಡಮ್ ತಪಾಸಣೆ ಮಾಡಿ, ಗಂಟು ಎಂದು ಸಿಕ್ಕಿತೆಂದು ಕೇಳಿಕೊಂಡು, ಕೈ ತೊಳೆಯುತ್ತ, "ಮಳಿಗಾಲದಾಗ ಯಾಕ ಬರಲಿಲ್ಲ ತಾಯಿ? ಆಗ ಬಂದಿದ್ರ ಇಷ್ಟೆಲ್ಲಾ ಔಷಧ ಬೇಕಾಗತಿರಲಿಲ್ಲ" ಎಂದರು. ಶೋಭಾ ನನ್ನ ಕಡೆ ನೋಡಲಿಲ್ಲ. ಅವಳು ನೋಡದೆ ಇದ್ದದ್ದೇ ಹೆಚ್ಚು ನೋವು ಕೊಟ್ಟಿತು. "ನನ್ನಿಂದ್ರಿ ಮ್ಯಾಡಮ್" ಎಂದು ನಾನೇ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ.

ಆ ವಾರ ನಿಪ್ಪಾಣಿಯ ಬೀಗತಿಗೂ ಫೋನ್ ಮಾಡಿ ನಿಜ ಹೇಳಿದೆ. ಅವರು, "ಈಗ ಊಟ ಹೋಗತೈತ್ರಿ?" ಎಂದು ಕೇಳಿದರು. ಇಷ್ಟಕ್ಕೇ ನಾವು ವರ್ಷವಿಡೀ ಹೆದರಿದ್ದೆವು.

ಶೋಭಾಳಿಗೆ ಗಂಟು ಕುಗ್ಗಿಸಲು ಮೊದಲು ಕಿಮೊ ಕೊಟ್ಟರು. ಆ ತಿಂಗಳುಗಳಲ್ಲಿ ಪ್ರಿಯಾಂಕಾ ಪ್ರಾಕ್ಟೀಸಿಗೆ ಮರಳಿ ಬಂದಳು. ಅವಳಮ್ಮನನ್ನು ಕರೆದುಕೊಂಡು ಹೋಗಿ ಬರುವುದು ನನ್ನ ಪಾಲಿನ ಕೆಲಸವಾಯಿತು. ಆಪರೇಶನ್ನಿನ ದಿನ ಗೊತ್ತಾದಾಗ ಮ್ಯಾಡಮ್ ಅವಳಿಗೂ ಆ ಮಾತು ಕೇಳಿದರು. "ಈಗ ಬ್ಯಾಡ್ರಿ, ಆಮ್ಯಾಲೆ ಹಚ್ಚಿಸ್ಕೊಂತೀನಿ" ಎಂದಳು ಶೋಭಾ. ಹೊರಗೆ ಬಂದು ನನಗೆ, "ನನಗ ನಿಮ್ಮಂಗ ಖಾಲಿ ಇರಾಕ ಆಗಂಗಿಲ್ರಿ" ಎಂದಳು. "ನಿನ್ನ ಮೈ, ನಿನಗ ಹೆಂಗ ಬೇಕೋ ಹಂಗ" ಎಂದೆ.

ಪಟ್ಟಿ ಬಿಚ್ಚುವ ದಿನ ನಾನು ಜೊತೆಗಿದ್ದೆ. ನರ್ಸ್ ಕೊನೆಯ ಸುತ್ತು ತೆಗೆದಾಗ ಶೋಭಾ ಮುಖವನ್ನು ಗೋಡೆಯ ಕಡೆ ತಿರುಗಿಸಿ ನನ್ನ ಕೈ ಹಿಡಿದಳು.

"ಮೊದಲ ನೀವು ನೋಡ್ರಿ ಬಾಯಾರ. ಹೆಂಗ ಐತಿ ಹೇಳ್ರಿ. ಖರೆ ಹೇಳ್ರಿ ಮತ್ತ."

ನೋಡಿದೆ. "ಬಗಲಿನ ತನಕ ಒಂದ ಗೆರಿ ಐತಿ. ಕೆಂಪಗ ಐತಿ, ಹೊಲಿಗಿ ಕಾಣತಾವ. ಎದಿ ಸಪಾಟ ಆಗೇತಿ. ಕೆಳಗ ಸ್ವಲ್ಪ ಬಾವು ಐತಿ. ನೋಡಿದ ಕೂಡ್ಲೆ ಎದಿ ಧಸಕ್ ಅಂತೈತಿ, ನನಗೂ ಅಂದಿತ್ತು" ಎಂದೆ.

"ಮತ್ತ?"

"ಅಷ್ಟ. ಮತ್ತೇನೂ ಇಲ್ಲ."

ಶೋಭಾ ಒಂದು ಉಸಿರು ಬಿಟ್ಟು, ಮೆಲ್ಲಗೆ ತಲೆ ಬಗ್ಗಿಸಿ ನೋಡಿಕೊಂಡಳು.